ಲಿಯೊನೆಲ್ ಅಂಕಲ್‌ನ ಎಡಗೈ

ಬಾಗಿಲು ಸರಿಯಾಗಿ ಹಾಕಿ ಬಂದು ಕೂರಿ. ದೆವ್ವ ಅಂದರೆ ಹಾಳು ಬಾವಿ, ಆಲದ ಮರ ಇರಲೇಬೇಕು ಅಂತ ಏನಿಲ್ಲ. ದುಬೈಯಲ್ಲಿ ಅವೆರಡೂ ಇಲ್ಲ... ಆದರೂ ನನ್ನ ದೊಡ್ಡಮ್ಮನ ಮಗ ಸುಮಿತನಿಗೆ ಆಗುವುದು ಆಯಿತು.

ಸುಮಿತ್ ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ ಸೇಲ್ಸ್ ಕೆಲಸದವನು. ಮುಚ್ಚಿಹೋದ ಹೋಟೆಲುಗಳ ಸೋಫಾ, ಮಂಚ, ಪಿಯಾನೋ ತಂದು ಮಾರುವ ಗೋದಾಮು. ಒಂದು ರಾತ್ರಿ ಶಟರ್ ಎಳೆದು, ಬೀಗ ಹಾಕಿ, ರೂಮಿಗೆ ನಡೆದು ಹೊರಟಿದ್ದ. ದಾರಿಯಲ್ಲಿ ಮಸೀದಿಯ ಗೋಡೆ, ಒಂದು ಬೇವಿನ ಮರ, ಅದರಡಿ ಕುಡಿಯುವ ನೀರಿನ ಕೂಲರ್. ನಲ್ಲಿ ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ಬಾಟಲಿ ತುಂಬಿಸಲು ಬಗ್ಗಿದ. ಆಗ ಬೆನ್ನ ಹಿಂದೆ ಇನ್ನೊಂದು ಸದ್ದು.

ದುಡು-ದುಡು-ದುಡು-ದುಡು...

ಯಾವುದೋ ಜನರೇಟರ್ ಅಂದುಕೊಂಡ. ಆದರೆ ಜನರೇಟರ್ ಸ್ವರ ಬದಲಿಸುವುದಿಲ್ಲ. ಇದು ಬದಲಿಸುತ್ತಿತ್ತು. ಹತ್ತುವುದು, ಇಳಿಯುವುದು, ಮತ್ತೆ ಅದೇ ಜಾಗಕ್ಕೆ ಬರುವುದು... ಪಿಯಾನೋ. ಬರೀ ಕೆಳಗಿನ ದಪ್ಪ ಸ್ವರಗಳು. ಈಗಷ್ಟೇ ಬೀಗ ಹಾಕಿದ ಗೋದಾಮಿನ ಒಳಗಿನಿಂದ. ಬೀಗದ ಕೈ ಇವನ ಜೇಬಿನಲ್ಲೇ ಇದೆ.

ಬಾಟಲಿ ಅಲ್ಲೇ ಬಿಟ್ಟು ರೂಮಿಗೆ ಓಡಿದ. ದೀಪ ಆರಿತ್ತು. ಅದೇ ರೂಮಿನಲ್ಲಿ ಜೊತೆಗಿದ್ದ ಲಿಯೊನೆಲ್ ಅಂಕಲ್ ಮಂಚದ ಮೇಲೆ ಎದ್ದು ಕೂತಿದ್ದರು. ಬಲಗೈ ಬೆರಳುಗಳು ಹೊದಿಕೆಯ ಮೇಲೆ ಕುಣಿಯುತ್ತಿದ್ದವು. ಎಡಗೈ ಎಂದಿನಂತೆ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ನಿನಗೂ ಕೇಳಿಸಿತಾ ಪುತಾ?" ಪಿಸುಗುಟ್ಟಿದರು.

"ಎಂತ ಅಂಕಲ್ ಅದು?"

"ನನ್ನ ಎಡಗೈ."

ಈ ಲಿಯೊನೆಲ್ ಯಾರು ಅಂತ ಹೇಳಿಬಿಡುತ್ತೇನೆ. ಮಂಗಳೂರಿನವರು, ಕೊಂಕಣಿ ಮಾತಿನವರು; ಪುತಾ ಅಂದರೆ ಮಗಾ ಅಂತ. ಹುಡುಗನಾಗಿದ್ದಾಗ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಪಾದ್ರಿ ಆಚೆ ಹೋದರೋ, ಅದೇ ಆರ್ಗನ್ನಿನಲ್ಲಿ ಬೂಗಿ-ವೂಗಿ. ಅದೊಂದು ಕುಣಿಸುವ ಜಾಝ್. ಎಡಗೈ ಒಂದೇ ಗತ್ತಿನಲ್ಲಿ ಕುಟ್ಟುತ್ತಲೇ ಇರಬೇಕು, ಇಬ್ಬರು ಹೆಂಗಸರು ಒನಕೆ ಹಿಡಿದು ಅವಲಕ್ಕಿ ಕುಟ್ಟಿದ ಹಾಗೆ. ಬಲಗೈ ಅದರ ಮೇಲೆ ಮನಸ್ಸು ಬಂದಂತೆ ಆಡಬೇಕು. ಒಂದು ದಿನ ಪಾದ್ರಿ ಕಿವಿ ಹಿಂಡಿ ಆಚೆ ಕಳಿಸಿದರು. ಇವರು ಮುಂಬೈಯ ಹೋಟೆಲು ಸೇರಿ, ಆಮೇಲೆ ಹಡಗು ಹತ್ತಿ, ಕೊನೆಗೆ ದುಬೈಯ ಒಂದು ದೊಡ್ಡ ಹೋಟೆಲಿನ ಲಾಬಿಯಲ್ಲಿ ಕೂತರು. ಸೂಟ್‌ಕೇಸ್ ಹಿಡಿದು ಆಗಷ್ಟೇ ಬಂದವರೂ ನಿಂತಲ್ಲೇ ಕಾಲು ಕುಟ್ಟುತ್ತಿದ್ದರಂತೆ. ಎಲ್ಲರೂ ನೋಡುತ್ತಿದ್ದದ್ದು ಬಲಗೈಯನ್ನು. ದುಡಿತ ಎಡಗೈಯದ್ದು, ಹೆಸರು ಬಲಗೈಗೆ ಎಂದು ಲಿಯೊನೆಲ್ ನಗುತ್ತಿದ್ದರು.

ಆಮೇಲೆ ಹೋಟೆಲಿನವರು ತಾನಾಗಿ ನುಡಿಯುವ ಪಿಯಾನೋ ತಂದರು. ಕರೆಂಟಿನದ್ದು. ಮನುಷ್ಯ ಒಮ್ಮೆ ನುಡಿಸಿದರೆ ಸಾಕು, ನೆನಪಿಟ್ಟುಕೊಂಡು ಅದರ ಕೀಗಳು ತಾವೇ ಏಳುತ್ತವೆ, ಬೀಳುತ್ತವೆ. ಲಿಯೊನೆಲರನ್ನೇ ಕೂರಿಸಿ, ಅವರಿಗೆ ಗೊತ್ತಿದ್ದದ್ದೆಲ್ಲ ನುಡಿಸಿಕೊಂಡರು. ಪಾಪ, ಇವರೂ ಖುಷಿಯಿಂದ ನುಡಿಸಿದರು. ಅದು ಮುಗಿದದ್ದೇ ಖಲಾಸ್, ಇನ್ನು ಮನುಷ್ಯ ಯಾಕೆ? ಊರಲ್ಲಿ ಹೆಂಡತಿ ಅನ್ನಾ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಸ್ವಲ್ಪ ದಿನದಲ್ಲೇ ಎಡಗೈಗೆ ಲಕ್ವ ಹೊಡೆಯಿತು. ಅನ್ನಾ ತೊಡಿಸಿದ ಉಂಗುರ ಊದಿದ ಬೆರಳಿನಲ್ಲಿ ಹೂತುಹೋಯಿತು. ಕತ್ತರಿಸಿಯೇ ತೆಗೆಯಬೇಕು ಅಂದ ಡಾಕ್ಟರಿಗೆ ಇವರು ಕೈ ಮುಟ್ಟಲು ಬಿಡಲಿಲ್ಲ. ಗೋದಾಮಿನ ಮಾಲೀಕ ಕನಿಕರಪಟ್ಟು ಪಿಯಾನೋಗಳ ಶ್ರುತಿ ನೋಡಲು ಇಟ್ಟುಕೊಂಡ. ಸುಮಿತ್ ರೂಮಿನಲ್ಲಿ ಜಾಗ ಕೊಟ್ಟ. ಕೊನೆಗೆ ಆ ಹೋಟೆಲೂ ಮುಚ್ಚಿ, ಅದೇ ಪಿಯಾನೋ ಇದೇ ಗೋದಾಮಿಗೆ ಬಂದು ಬಿತ್ತು.

ಆ ರಾತ್ರಿ ಇಬ್ಬರೂ ಗೋದಾಮಿಗೆ ವಾಪಸ್ ಹೋದರು. ಸುಮಿತ್ ಮೊಬೈಲಿನ ಟಾರ್ಚ್ ಬಿಟ್ಟ. ಪಿಯಾನೋದ ವೈರು ಸುತ್ತಿಟ್ಟದ್ದು ಹಾಗೇ ಇತ್ತು. ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಆದರೂ ಎಡಬದಿಯ ಕೀಗಳು ಇಳಿಯುತ್ತಿದ್ದವು... ಏಳುತ್ತಿದ್ದವು... ಇಳಿಯುತ್ತಿದ್ದವು. ಬಲಬದಿಯವು ಮಿಸುಕಲಿಲ್ಲ. ಲಿಯೊನೆಲ್ ಹೋಗಿ ಕೂತರು. ಬಲಗೈ ಇಟ್ಟರು... ಎರಡೂ ಕೂಡಿಕೊಂಡವು. ಮುದುಕನ ಮುಖ ನೋಡಿ ಸುಮಿತನಿಗೆ ಭಯ ಮರೆತು ಅಳು ಬಂತು.

ಅಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ನಿಲ್ಲಲಿಲ್ಲ. ಲಿಯೊನೆಲ್ ದಿನಾ ರಾತ್ರಿ ಹೋಗತೊಡಗಿದರು. ಊಟ ಬಿಟ್ಟರು. ಎಲುಬು ಎಣಿಸುವ ಹಾಗಾದರು. ಎಡಗೈ ಮೊದಲು ಮಣಿಕಟ್ಟಿನ ತನಕ ತಣ್ಣಗಾಯಿತು, ಆಮೇಲೆ ಮೊಣಕೈ, ಆಮೇಲೆ ಭುಜ. ಸುಮಿತ್ ಊರಿನಿಂದ ತಂದ ಕರ್ಪೂರದ ಎಣ್ಣೆ ಎಷ್ಟು ತಿಕ್ಕಿದರೂ ಬೆಚ್ಚಗಾಗಲಿಲ್ಲ. ಈ ಪಿಯಾನೋ ಮುದುಕನನ್ನು ತಿಂದೇ ಬಿಡುತ್ತದೆ, ಹೇಗಾದರೂ ಉಳಿಸಿಕೊಳ್ಳಬೇಕು ಎಂದು ಅವನಿಗೆ ನಿದ್ದೆಯೇ ಇಲ್ಲ. ಊರಿಗೆ, ಕಟಪಾಡಿಗೆ ಫೋನ್ ಮಾಡಿ ಅಮ್ಮನಿಗೆ, ಅಂದರೆ ನನ್ನ ವಸಂತಿ ದೊಡ್ಡಮ್ಮನಿಗೆ, ಎಲ್ಲ ಹೇಳಿದ.

"ಅದರಲ್ಲಿ ಕುಲೆ ಉಂಟು ಮಗಾ," ಅಂದರು ದೊಡ್ಡಮ್ಮ. ಕುಲೆ ಅಂದರೆ ನಮ್ಮ ಕಡೆ ಸತ್ತೂ ನೆಮ್ಮದಿ ಸಿಗದ ಜೀವ. "ನೀರು ದಾಟಿಸಿ ಬಿಡು. ಹೊಳೆ ದಾಟಿದ್ದು ತಿರುಗಿ ಬರುವುದಿಲ್ಲ."

ಮರಳುಗಾಡಿನಲ್ಲಿ ಹೊಳೆ ಎಲ್ಲಿಂದ ತರುವುದು? ಆದರೆ ನಮ್ಮ ಸುಮಿತ್ ಮಹಾ ಬುದ್ಧಿವಂತ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲೇ ಗಿರಾಕಿ ಹುಡುಕಿದ. ದ್ವೀಪ ಅಲ್ಲವಾ, ಲಾರಿ ಸೇತುವೆ ದಾಟಲೇಬೇಕು. ಪ್ರಾರ್ಥನಾ ಅಂತ ಮೈಸೂರಿನವರು, ಐಟಿ ಕೆಲಸ. ಹಾಲ್‌ನಲ್ಲಿ ಚಂದಕ್ಕೆ ಒಂದು ಪಿಯಾನೋ ಬೇಕಿತ್ತು.

ಒಂದು ಬೆಳಿಗ್ಗೆ ಲಿಯೊನೆಲ್ ಮಲಗಿದ್ದಾಗಲೇ ಲಾರಿ ಹೊರಟಿತು. ಸಂಜೆ ಬಂದು ಖಾಲಿ ಜಾಗ ನೋಡಿದರು. ಬೈಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ನಿಮ್ಮ ಒಳ್ಳೆಯದಕ್ಕೇ ಕಳಿಸಿದ್ದು ಅಂಕಲ್. ಅದರಲ್ಲಿ ಕುಲೆ ಉಂಟು."

"ಕುಲೆ ಆಗಲಿಕ್ಕೆ ಯಾರಾದರೂ ಸಾಯಬೇಕಲ್ಲ ಪುತಾ. ಅದು ನಾನೇ. ನನ್ನಲ್ಲಿ ಅಷ್ಟೇ ಉಳಿದದ್ದು."

ರಾತ್ರಿ ಸುಮಿತ್ ಎಂದಿನಂತೆ ಎಣ್ಣೆ ತಿಕ್ಕಿದ. ಬೆರಳು ಬೆರಳಿಗೂ ತಿಕ್ಕಿದ. ಉಂಗುರ ಅಲುಗಲಿಲ್ಲ, ಅದು ಅವನಿಗೆ ಚೆನ್ನಾಗಿ ನೆನಪಿದೆ. ಹೊರಗೆ ಎಲ್ಲ ನಿಶ್ಶಬ್ದ. ಎಸಿಯ ಗುರ್... ಗುರ್... ಅಷ್ಟೇ. ಕತ್ತಲಲ್ಲಿ ಲಿಯೊನೆಲ್ ಕೇಳಿದರು, "ನೀರು ದಾಟಿತಾ?"

"ದಾಟಿತು ಅಂಕಲ್."

"ಹಾಗಾದರೆ ಅದು ಬರುವುದಿಲ್ಲ... ನಾನೇ ಹೋಗಬೇಕು."

ಬೆಳಿಗ್ಗೆ ಮುಟ್ಟಿ ನೋಡಿದರೆ ಮೈಯೆಲ್ಲ ಆ ಕೈಯಷ್ಟೇ ತಣ್ಣಗಿತ್ತು. ಸುಮಿತ್ ತಲೆ ತಲೆ ಚಚ್ಚಿಕೊಂಡು ಅತ್ತ. ಉಳಿಸಲು ಹೋಗಿ ತಾನೇ ಕೊಂದೆ ಅಂತ ಇವತ್ತಿಗೂ ಅಳುತ್ತಾನೆ, ನಾವು ಏನು ಹೇಳಿದರೂ ಕೇಳುವುದಿಲ್ಲ. ಆಂಬುಲೆನ್ಸಿನವರು ಬರುವ ಮೊದಲು ಅವರ ಕೈ ಎದೆಯ ಮೇಲೆ ಇಡಲು ಹೋದವನು ನೋಡಿದ... ಉಂಗುರ ಇರಲಿಲ್ಲ. ಬೆರಳು ಊದಿದ ಹಾಗೇ ಇತ್ತು. ಚರ್ಮ ಎಲ್ಲೂ ತರಚಿಲ್ಲ. ಉಂಗುರ ಕೂತಿದ್ದ ಕಡೆ ಬಿಳೀ ಗೆರೆ ಮಾತ್ರ. ಬಾಗಿಲ ಚಿಲಕ ಒಳಗಿನಿಂದ ಹಾಕಿಯೇ ಇತ್ತು. ಹಾಸಿಗೆ ಕೊಡವಿದ, ಮಂಚದಡಿ ಗುಡಿಸಿದ. ಇಲ್ಲ.

ಸ್ವಲ್ಪ ದಿನ ಬಿಟ್ಟು ಪ್ರಾರ್ಥನಾ ಫೋನ್ ಮಾಡಿದರು. ಧೂಳು ಒರೆಸುವಾಗ ನೋಡಿದರೆ ಎಡತುದಿಯ ಒಂದು ಕೀ ಕೆಳಗಿಳಿಯುತ್ತಿಲ್ಲ, ಏನೋ ಅಡ್ಡ ಬಂದಿದೆ ಎಂದರು. ರಾತ್ರಿ ಏನಾದರೂ ಸದ್ದು ಕೇಳಿಸುತ್ತದಾ ಎಂದು ಸುಮಿತ್ ಕೇಳಿದ. ಇಲ್ಲವಂತೆ. ತಂದಾಗಿನಿಂದ ಒಂದು ಸಲವೂ ಇಲ್ಲವಂತೆ. ಸುಮಿತ್ ಮಿಸ್ತ್ರಿಯನ್ನು ಕರೆದುಕೊಂಡು ಸೇತುವೆ ದಾಟಿ ಹೋದ. ಆ ಕೀ ಎತ್ತಿದರು. ಟಿಣ್... ಎಂದು ಏನೋ ಉರುಳಿತು. ಚಿನ್ನದ ಉಂಗುರ. ಒಳಗೆ ಅನ್ನಾ ಎಂದು ಕೊರೆದಿತ್ತು.

ಪಿಯಾನೋ ದ್ವೀಪಕ್ಕೆ ಹೋದದ್ದು ಬೆಳಿಗ್ಗೆ, ಸುಮಿತ್ ಆ ಉಂಗುರದ ಬೆರಳಿಗೆ ಎಣ್ಣೆ ತಿಕ್ಕಿದ್ದು ಅದೇ ದಿನ ರಾತ್ರಿ. ನಗುವವರು ನಗಿ. ಕಳೆದ ಸಲ ಅವನು ಊರಿಗೆ ಬಂದಾಗ ಆ ಉಂಗುರವನ್ನು ನನ್ನ ಅಂಗೈ ಮೇಲೆ ಇಟ್ಟಿದ್ದ. ನಾನೇ ಮೂಗಿಗೆ ಹಿಡಿದು ನೋಡಿದ್ದೇನೆ. ಇನ್ನೂ ಕರ್ಪೂರದ ಎಣ್ಣೆ ವಾಸನೆ ಇತ್ತು.