ಒಣ ಟ್ರಂಪೆಟ್

...ಅಯ್ಯೋ, ಬಾಗಿಲಲ್ಲೇ ಯಾಕೆ ನಿಂತ್ಯೇ ಅಕ್ಕ, ಒಳಗೆ ಬಾ! ಆ ವೈರು ದಾಟ್ಕೊಂಡು ಬಾ, ಎಡವೀಯ. ಕುರ್ಚಿ ಮೇಲಿರೋ ಕೋಟು ಎತ್ತಿ ಅತ್ಲಾಗಿಡು. ಕೂತ್ಕೋ. ಹೇಗಿತ್ತು? ಅಲ್ಲ, ನಿಜ ಹೇಳು, ನನ್ನ ಕಛೇರಿ ಹೇಗಿತ್ತು?

ಯಾಕೆ ನಗ್ತೀಯಾ? ಸ್ಪೀಕರ್ ಕೆಟ್ಟೋಗಿದೆ ಅಂದ್ಕೊಂಡ್ಯಾ? ಭಾವ ಬಂದಿದ್ರೆ, ಕರೆಂಟಿನವನನ್ನ ಕರೀರೋ ಅಂತ ಕೂಗೇಬಿಡ್ತಿದ್ರು! ಅದೇ ಕಣೇ ಇದರ ಸೊಗಸು. ರಾಗ ಇಲ್ಲ, ತಾಳ ಇಲ್ಲ. ಟ್ರಂಪೆಟ್ಟಿನೊಳಗೆ ಬರೀ ಉಸಿರು ಬಿಡೋದು. ಮೈಕು ಅದನ್ನ ಹಿಡಿಯುತ್ತೆ, ಲ್ಯಾಪ್‌ಟಾಪು ಅದನ್ನೇ ಹಿಗ್ಗಿಸಿ, ತಿರುಚಿ, ಒಂದರ ಮೇಲೊಂದು ಪೇರಿಸುತ್ತೆ. ಊದೋನು ಒಬ್ಬನೇ, ಕೇಳೋಕೆ ಮಾತ್ರ ಇಡೀ ಊರೇ ಉಸಿರಾಡಿದ ಹಾಗೆ!

ಮೊದಲನೇ ಸಾಲಲ್ಲಿ ಕನ್ನಡಕದ ಯಜಮಾನರಿದ್ರಲ್ಲ, ನೋಡಿದ್ಯಾ? ಈ ಹಾಲ್ ಅವರದ್ದೇ. ಈಗ ಬರ್ತಾರೆ ಇಲ್ಲಿಗೆ. ವರ್ಷಪೂರ್ತಿ ಇಲ್ಲೇ ಇದ್ದು ಹೊಸ ಸಂಗೀತ ಮಾಡಿ ಅಂತಿದ್ದಾರೆ. ನನಗೆ, ಅಕ್ಕ! ಬ್ಯಾಂಡಲ್ಲಿ ಯಾವಾಗಲೂ ಹಿಂದೆ ನಿಂತು ಅರೆಬರೆ ಊದ್ತಿದ್ದ ನನಗೆ! "ಆ ಉಸಿರು ಎಲ್ಲಿಂದ ತಂದ್ರಿ?" ಅಂತ ಕೇಳಿದ್ರು. ನಾನು ಎದೆ ಮುಟ್ಕೊಂಡು... ಹೂಂ, ಎದೆ ಮುಟ್ಕೊಂಡೇ, "ಇಲ್ಲಿಂದ" ಅಂದೆ.

ಏನೇ ಹಾಗೆ ನೋಡ್ತೀಯಾ? ನೀರು ಕುಡೀತೀಯಾ? ಬೇಡ್ವಾ... ತುಟಿನಾ? ಚೆನ್ನಾಗಿದೆ, ನೋವೇನಿಲ್ಲ. ಹೌದು, ಅಷ್ಟು ಹೊತ್ತು ಊದಿದ್ರೂ ಕೆಂಪಗೂ ಆಗಿಲ್ಲ... ಮುಲಾಮು ಹಚ್ಚಿದ್ದೆ.

ಅಕ್ಕ, ಟ್ರಂಪೆಟ್ ಮುಟ್ಬೇಡ! ಇಲ್ಲ ಇಲ್ಲ, ಮುಟ್ಟು, ನೀನೇ ಕೊಡಿಸಿದ್ದಲ್ವಾ, ಸುಮ್ನೆ ಅಂದೆ. ನಾನೇ ಒರೆಸಿ ಇಡ್ತೀನಿ ಅಂತ ಅಷ್ಟೇ... ಬಗ್ಗಿಸ್ಬೇಡ ಕಣೇ. ನೀರು ಚೆಲ್ಲೋ ಆ ಪುಟ್ಟ ಕೀಲಿ ಒತ್ತಬೇಡ, ಅಕ್ಕ...

ಹೂಂ. ಒಂದು ಹನೀನೂ ಬೀಳಲಿಲ್ಲ.

ಆಗಲೇ ಚೆಲ್ಲಿದ್ದೆ ಕಣೇ, ಪರದೆ ಹಿಂದೆ... ಅಲ್ಲ, ಲೈಟಿನ ಬಿಸಿಗೆ ಆರಿಹೋಗಿರುತ್ತೆ... ಥೂ, ಯಾರಿಗೆ ಹೇಳ್ತಿದೀನಿ ನಾನು! ಊದಿದವರ ಉಸಿರು ಒಳಗೆ ನೀರಾಗಿ ನಿಲ್ಲುತ್ತೆ, ಮಧ್ಯೆ ಮಧ್ಯೆ ಚೆಲ್ಲಬೇಕೋ ಅಂತ ಹೇಳಿಕೊಟ್ಟೋಳೇ ನೀನು. ಅಷ್ಟು ಹೊತ್ತು ನಾನು ಒಂದ್ಸಲಾನೂ ಚೆಲ್ಲಲಿಲ್ಲ. ಚೆಲ್ಲೋ ಹಾಗೆ ನಟಿಸೋದನ್ನೂ ಮರೆತುಬಿಟ್ಟೆ. ಜನಕ್ಕೆ ಅದು ಗೊತ್ತಾಗಲ್ಲ. ನಿನಗೆ...

ಊದಲಿಲ್ಲ ಅಕ್ಕ. ಬಾಯಿಗಿಟ್ಟುಕೊಂಡು ಕೆನ್ನೆ ಉಬ್ಬಿಸಿ ನಿಂತಿದ್ದೆ, ಅಷ್ಟೇ. ಎಷ್ಟು ಒದ್ದಾಡಿದ್ರೂ ನನ್ನ ಉಸಿರು ನಿಲ್ತಾನೇ ಇರಲಿಲ್ಲ, ಪುಸ್ ಅಂತ ಹೋಗೋದು. ಮುಂದಿನ ಹಲ್ಲು ಹೋಗಿ ನೀನು ಊದೋದು ನಿಲ್ಲಿಸೋಕ್ಕೆ ಮುಂಚೆ, "ಹೀಗೆ ಊದೋ ದಡ್ಡ" ಅಂತ ನನಗೋಸ್ಕರ ರೆಕಾರ್ಡ್ ಮಾಡಿಕೊಟ್ಟಿದ್ಯಲ್ಲ... ಇವತ್ತು ಲ್ಯಾಪ್‌ಟಾಪಿಂದ ಬಂದಿದ್ದು ಅದೇ. ನಿನ್ನ ಮಾತು ಕತ್ತರಿಸಿ ಹಾಕ್ದೆ. ಉಸಿರು ಮಾತ್ರ ಇಟ್ಕೊಂಡೆ. ನಾಚಿಕೆ ಆಗುತ್ತೆ ಕಣೇ, ನಿನ್ನ ಮುಖ ನೋಡೋಕಾಗ್ತಿಲ್ಲ. ಅದನ್ನ ಎಷ್ಟು ತಿರುಚಿದೀನಿ ಅಂದ್ರೆ, ನಿನಗೇ ಗುರುತು ಸಿಗಲ್ಲ ಅಂದ್ಕೊಂಡಿದ್ದೆ.

ಬೈಯೇ. ಏನಾದ್ರೂ ಅನ್ನೇ... ತಲೆ ಯಾಕೆ ಆಡಿಸ್ತೀಯಾ? ಮುಂಚೆನೇನಾ? ಕೀಲಿ ಒತ್ತೋಕ್ಕೂ ಮುಂಚೆ? ಮೊದಲನೇ ಉಸಿರಿಗೇ ಗೊತ್ತಾಯ್ತಾ?

ಹಾಗಾದ್ರೆ... ಗೊತ್ತಿದ್ದೂ... ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ಹೊಡೆದೋಳು ನೀನೇ ಅಲ್ವೇನೇ, ಅಕ್ಕ?