ಮೋಟಾರಿಗೊಂದು ಸಿಮ್ಮು

“ಲೇ ಜಿನೇಶ, ನನ್ನ ಮೋಟಾರು ಸಿನೆಮಾ ನೋಡತೈತೇನೋ?”

ಮಾಣಿಕಬಾಯಿಯ ಗದರಿಕೆಗೆ, ಇಚಲಕರಂಜಿಯ ಆ ಮೊಬೈಲ್ ಅಂಗಡಿಯಲ್ಲಿ ಕವರ್ ಕೊಳ್ಳಲು ನಿಂತಿದ್ದ ದುಂಡಪ್ಪನ ಕಿವಿ ನೆಟ್ಟಗಾದವು.

“ಬಾಯಿ, ಈ ಪ್ಲ್ಯಾನಿನಾಗ ನೆಟ್ ಭಾಳ ಸಿಗತೈತ್ರಿ,” ಅಂದ ಅಂಗಡಿಯ ಜಿನೇಶ.

“ನೆಟ್ ಯಾಕಪಾ? ಸಿಮ್ ಹಾಕೂದು ಹೊಳಿದಂಡಿ ಪಂಪಿನ ಸ್ಟಾರ್ಟರ್ ಡಬ್ಬಿಗೆ. ಮನಿಯಿಂದ ರಿಂಗ್ ಕೊಟ್ರ ಮೋಟಾರು ಚಾಲೂ ಆಗಬೇಕು, ಅಷ್ಟ.”

“ಹೋಗಿ ಬಟನ್ ಒತ್ತಿದ್ರಾತಲ್ರಿ?”

“ಕರೆಂಟು ಬರೂದ ಸಂಜಿ ಊಟದ ಹೊತ್ತಿಗೆ. ಹೊಳಿಗೆ ಹೋಗಿ ಬರೂದ್ರಾಗ ಹೊತ್ತು ಮುಳುಗತೈತಿ. ಆಮ್ಯಾಲ ಉಣ್ಣಾಕ ಬರತೈತೇನು? ನೀನೂ ನನ್ನಂಗ ಜೈನನ ಅಲ್ಲೇನು! ವಾರದಿಂದ ಹಸಿದ ಮಲಗಾಕತ್ತೇನಿ.”

ಜಿನೇಶ ತಲೆ ಕೆರೆದುಕೊಂಡ. “ಹಂಗಾದ್ರ ಬರೇ ಕಾಲ್ ಮಾಡೂ ಪ್ಲ್ಯಾನ್ ತಗೋರಿ.”

“ನಮ್ಮೂರು ಅಕಿವಾಟದ ಹೊಳಿದಂಡ್ಯಾಗ ರೇಂಜ್ ಐತೇನು?”

“ಮಹಾರಾಷ್ಟ್ರದಾಗ ಎಲ್ಲಾ ಕಡೆ ಐತ್ರಿ.”

“ಮಹಾರಾಷ್ಟ್ರ ಬಿಡು. ನನ್ನ ಪಂಪಿನ ಹತ್ರ?”

“ಹಾಕಿ ನೋಡಬೇಕ್ರಿ.”

“ನೀ ನೋಡಕೋತ ಕುಂದ್ರು. ಬಾಜೂ ಹೊಲದ ಬಾಪೂಸಾಹೇಬರ ಪಂಪು ಬ್ಯಾರೆ ಕಂಪನಿ ಸಿಮ್ಮಿಗೆ ಒಂದ ರಿಂಗಿನಾಗ ಏಳತೈತಿ. ನಾ ಆ ಸಿಮ್ಮನ್ನ ಒಯ್ಯತೇನಿ. ಇವತ್ತು ಊಟಾ ಮಾಡೇ ಮಾಡತೇನಿ.”

ಚೀಲ ಹೆಗಲಿಗೇರಿಸಿ ನಡೆದೇಬಿಟ್ಟಳು.

“ಬಾಯಿ, ಅದೂ ಐತ್ರಿ ನಮ್ಮಲ್ಲಿ!” ಎಂದು ಜಿನೇಶ ಕೂಗುವಷ್ಟರಲ್ಲಿ ಆಕೆ ಎದುರಿನ ಅಂಗಡಿಯ ಮೆಟ್ಟಿಲು ಹತ್ತಿಯಾಗಿತ್ತು.