ಎಂಜಿನ್ ಬದಲಾಯಿಸುವ ಕೈ

ವೇದಿಕೆಯ ಮೇಲಿರುವ ಕ್ಯಾಪ್ಟನ್ ಅವರೇ, ಇವತ್ತಿನ ಸನ್ಮಾನಿತರೂ ನನ್ನ ಸ್ವಂತ ಅಕ್ಕನೂ ಆದ ಮುಖ್ಯ ಎಂಜಿನಿಯರ್ ಅವರೇ, ಪಾಳಿ ಮುಗಿಸಿ ಮುಖವನ್ನೂ ತೊಳೆಯದೆ ಬಂದು ಕುಳಿತಿರುವ ಸಭಿಕರೇ,

ಈ ನಕ್ಷತ್ರನೌಕೆಯ ಎಂಜಿನ್ ವಿಭಾಗದ ಪರವಾಗಿ ಎರಡು ಮಾತಾಡಲು ಹೇಳಿದ್ದಾರೆ. ಎರಡಕ್ಕೇ ನಿಲ್ಲಿಸುವವನು ನಾನಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಆರಾಮಾಗಿ ಒರಗಿ ಕುಳಿತುಕೊಳ್ಳಿ.

ನಮ್ಮ ವಿಭಾಗವೆಂದರೆ ಏನು? ನೌಕೆಯ ತಳದಲ್ಲಿ ಎರಡು ಎಂಜಿನ್, ನಡುವೆ ಕಿರಿದಾದ ಓಣಿ, ಅದರ ತುದಿಯಲ್ಲೊಂದು ಲಿವರ್. ಒಂದು ಎಂಜಿನ್ ಕಾದರೆ ಅದನ್ನು ಆರಲು ಬಿಟ್ಟು ಇನ್ನೊಂದಕ್ಕೆ ಬದಲಾಯಿಸಬೇಕು. ಆಗ ನೌಕೆ ಜಗ್ಗುತ್ತದೆ. ಅದಕ್ಕೇ ಬದಲಾಯಿಸುವ ಮುನ್ನ ಎಚ್ಚರಿಕೆಯ ಗಂಟೆ ಬಾರಿಸಿದ ಕೂಡಲೇ ನೀವೆಲ್ಲ ಚಹಾ ಲೋಟದ ಮೇಲೆ ಅಂಗೈ ಮುಚ್ಚುತ್ತೀರಿ. ಲಿವರ್ ಅಕ್ಕನ ಕೈಯಲ್ಲಿದ್ದರೆ ನೌಕೆ ಅಲುಗಿದ್ದೂ ಗೊತ್ತಾಗುವುದಿಲ್ಲ, ಆದರೂ ಮುಚ್ಚುತ್ತೀರಿ. ರಜೆಯಲ್ಲಿ ನೆಲಕ್ಕಿಳಿದಾಗ ಭಾವನ ಮನೆಯಲ್ಲಿ ಯಾರೋ ಕರೆಗಂಟೆ ಒತ್ತಿದರು. ನಾನು, ಅಕ್ಕ ಇಬ್ಬರೂ ಲೋಟ ಮುಚ್ಚಿಕೊಂಡು ಕುಳಿತೆವು! ಭಾವ ಬಾಗಿಲು ತೆಗೆಯುವುದು ಬಿಟ್ಟು ನಮ್ಮನ್ನೇ ನೋಡುತ್ತಾ ನಿಂತರು.

ಪಾಪ, ಭಾವ. ವರ್ಷಗಟ್ಟಲೆ ಹೆಂಡತಿಗಾಗಿ ಕಾಯುತ್ತಿದ್ದಾರೆ. ಅಲ್ಲಿನ ತರಬೇತಿ ಶಾಲೆಯವರು ಪಾಠ ಹೇಳಲು ಅಕ್ಕನನ್ನು ಕರೆಯುತ್ತಲೇ ಇದ್ದಾರೆ. ಇವಳು ಒಪ್ಪಬೇಕಲ್ಲ? “ನಾನು ಹೋದ್ರೆ ಲಿವರ್ ಯಾರು ಹಿಡೀತಾರೋ? ನೀನಾ? ನಿನ್ನ ಕೈಗೆ ಕೊಟ್ರೆ ಹಡಗಲ್ಲಿ ಒಬ್ಬರ ಹಲ್ಲೂ ಉಳಿಯಲ್ಲ!” ಜೊತೆಯವರಿಗೆಲ್ಲ ಬಾಯಲ್ಲಿ ಕಲಿಸಿದಳು, ಲಿವರ್ ಮಾತ್ರ ಯಾರ ಕೈಗೂ ಕೊಡಲಿಲ್ಲ.

ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ, ಬೈದು, ಉಣ್ಣಿಸಿ ಸಾಕಿದವಳು ಇವಳು. ಈಗಲೂ ನನ್ನ ಪಾಳಿ ಮುಗಿದರೆ ಹಿಂದಿನಿಂದ ಬಂದು ನಾನು ಬಿಗಿದ ನಟ್ಟುಗಳನ್ನೆಲ್ಲ ಮತ್ತೆ ಮುಟ್ಟಿ ನೋಡುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಅವಳು ಬರದ ದಿನ ನನಗೆ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಇರಲಿ ಬಿಡಿ.

ಅಕ್ಕ, ಆಗಿನಿಂದ ಏಳಲು ನೋಡುತ್ತಿದ್ದೀಯ, ಕ್ಯಾಪ್ಟನ್ ಕೂರಿಸುತ್ತಿದ್ದಾರೆ. ಎಂಜಿನ್ ಬದಲಾಯಿಸುವ ಹೊತ್ತಾಯಿತೆಂದು ನಿನಗೆ ಚಡಪಡಿಕೆ. ಅದು ಆಗಿಹೋಯಿತು. ನಾನು ಭಾವನ ಮನೆಯ ಕತೆ ಹೇಳಿ ನಗಿಸುತ್ತಿದ್ದಾಗಲೇ ಕೆಳಗೆ, ನೀನೇ ಬಾಯಲ್ಲಿ ಕಲಿಸಿದ ನಮ್ಮ ವಿಭಾಗದ ವೆಲ್ಡರಮ್ಮ ಲಿವರ್ ಎಳೆದಳು. ಗಂಟೆ ಬಾರಿಸಬೇಡ ಎಂದವನು ನಾನೇ. ಸಭಿಕರೇ, ಯಾರಿಗಾದರೂ ಗೊತ್ತಾಯಿತೇ? ಅಕ್ಕ, ನಿನಗಾದರೂ?

ಗೊತ್ತಾಗಲಿಲ್ಲ ಅಲ್ವಾ? ಅಳಬೇಡ್ವೇ ಮಾರಾಯ್ತಿ. ನಿನ್ನ ಪೆಟ್ಟಿಗೆ ಕಟ್ಟಿಟ್ಟಿದ್ದೀನಿ. ನಾಳೆ ನೆಲಕ್ಕಿಳಿಯೋ ಹಡಗಿಗೆ ನಾನೇ ಹತ್ತಿಸ್ತೀನಿ. ಆಮೇಲೆ ಎಲ್ಲಾದರೂ ಮೂಲೆಯಲ್ಲಿ ಕೂತು ಚೆನ್ನಾಗಿ ಅತ್ತು, ಪಾಳಿಗೆ ಹೋಗ್ತೀನಿ.

ಗುಟ್ಟು ಬಿಟ್ಟುಕೊಡದ ಕ್ಯಾಪ್ಟನ್ ಅವರಿಗೂ, ಈ ಕೊರೆತ ಸಹಿಸಿಕೊಂಡ ನಿಮಗೂ ನಮ್ಮ ವಿಭಾಗದ ಕೃತಜ್ಞತೆಗಳು. ಹೋಗಿ ಬಾ ಅಕ್ಕ. ಎಲ್ಲರಿಗೂ ನಮಸ್ಕಾರ.